ರೊಟ್ಟಿ ಮೇಕರ್‌ನಲ್ಲಿ ಮಸಾಲೆ ಚಪಾತಿ: ಒತ್ತುವುದಕ್ಕೆ ಯಂತ್ರ ಸರಿ, ಬೇಯಿಸುವುದಕ್ಕೆ ಕಾವಲಿಯೇ ಬೇಕು

ಕರೆಂಟಿನ ರೊಟ್ಟಿ ಮೇಕರ್ ಮಾರುವವರು ತೋರಿಸುವುದು ಯಾವಾಗಲೂ ಸಾದಾ ಚಪಾತಿಯನ್ನೇ. ಬಿಳಿ ಉಂಡೆ ಇಟ್ಟು, ಮುಚ್ಚಳ ಒತ್ತಿ, ಉಬ್ಬಿದ ಚಪಾತಿ ತೆಗೆದು ತೋರಿಸುತ್ತಾರೆ. ಆದರೆ ಮೆಂತ್ಯ ಸೊಪ್ಪು, ಓಮ, ಎಳ್ಳು, ಖಾರದ ಪುಡಿ, ಕಡಲೆ ಹಿಟ್ಟು ಬೆರೆತ ಕಣಕ ಅದೇ ತಟ್ಟೆಗಳ ನಡುವೆ ಹೋದಾಗ ಆಗುವುದೇ ಬೇರೆ: ಅಂಚು ಸೀಳುತ್ತದೆ, ನಡುವೆ ತೂತು ಬೀಳುತ್ತದೆ, ಬೆಂದ ಮೇಲೆ ಚಕ್ಕಳದ ಹಾಗೆ ಬಿರುಸಾಗುತ್ತದೆ. ಹಾಗಂತ ಯಂತ್ರ ದಂಡವೂ ಅಲ್ಲ. ಮಸಾಲೆ ಚಪಾತಿಯ ವಿಷಯದಲ್ಲಿ ಅದನ್ನು ಒಲೆ ಎಂದುಕೊಳ್ಳದೆ, ಬಿಸಿ ಲಟ್ಟಣಿಗೆ ಎಂದುಕೊಂಡರೆ ಕೊಟ್ಟ ದುಡ್ಡಿಗೆ ಬಾಳುತ್ತದೆ.

ಇಲ್ಲಿ ಹೇಳುತ್ತಿರುವುದು ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಮಾದರಿಯ ಬಗ್ಗೆ: ಸುಮಾರು 900 ವ್ಯಾಟ್, ಎಂಟು ಇಂಚಿನ ಎರಡು ನಾನ್‌ಸ್ಟಿಕ್ ತಟ್ಟೆ, ಒಂದು ಬದಿಗೆ ಕೀಲು, ಇನ್ನೊಂದು ಬದಿಗೆ ಹಿಡಿ, ಕಾದಿದೆ ಎಂದು ತಿಳಿಸುವ ಒಂದು ದೀಪ. 900 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗೆ ತುಸು ಕಡಿಮೆ. ಹಾಗಾಗಿ ಅಡುಗೆಮನೆಯ ಸಾಮಾನ್ಯ 6 ಆಂಪಿಯರ್ ಸಾಕೆಟ್ ಸಾಕು. ಅರ್ಧ ಗಂಟೆ ಬಿಡದೆ ಉರಿದರೂ ಖರ್ಚಾಗುವುದು 0.45 ಯೂನಿಟ್. ಥರ್ಮೋಸ್ಟಾಟ್ ನಡುನಡುವೆ ಆರಿಸುವುದರಿಂದ ನಿಜವಾಗಿ ಅಷ್ಟೂ ಆಗುವುದಿಲ್ಲ. ಕರೆಂಟಿನ ಬಿಲ್ಲಿನ ಚಿಂತೆ ಬೇಡ.

ಚಿಂತೆ ಮಾಡಬೇಕಾದದ್ದು ಕಣಕದ ಬಗ್ಗೆ. ಲಟ್ಟಿಸುವ ಕಣಕವನ್ನೇ ಯಂತ್ರಕ್ಕೆ ಇಟ್ಟರೆ ಕೆಟ್ಟಂತೆಯೇ. ಲಟ್ಟಣಿಗೆ ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಹಿಗ್ಗಿಸುತ್ತದೆ, ಅಂಟು ಸಡಿಲಗೊಳ್ಳಲು ಸಮಯ ಸಿಗುತ್ತದೆ. ಯಂತ್ರ ಒಂದೇ ಏಟಿಗೆ ಹರಡುತ್ತದೆ. ಅಷ್ಟರಲ್ಲಿ ಬಿಸಿ ತಟ್ಟೆ ತಗಲಿದ ಎರಡೂ ಮೈ ಬೆಂದು ಗಟ್ಟಿಯಾಗತೊಡಗಿರುತ್ತದೆ. ಕಣಕ ಗಟ್ಟಿಯಿದ್ದರೆ ಹರಡುವ ಮೊದಲೇ ಮೈ ಕಟ್ಟಿಕೊಂಡು, ಒತ್ತಿದಷ್ಟೂ ಹರಿಯುತ್ತದೆ. ಆದ್ದರಿಂದ ಯಂತ್ರದ ಕಣಕಕ್ಕೆ ನೀರು ಹೆಚ್ಚು ಬೇಕು. ಎಣ್ಣೆ ಸವರಿದ ಕೈಗೆ ಅಂಟಬಾರದು, ಒಣ ಕೈಗೆ ಅಂಟಬೇಕು. ಹೆಬ್ಬೆರಳು ಊರಿ ತೆಗೆದರೆ ಗುಳಿ ಹಾಗೇ ಉಳಿದು, ನಿಧಾನವಾಗಿ ಮಾತ್ರ ತುಂಬಿಕೊಳ್ಳಬೇಕು. ಹದ ಅದು.

ಅಳತೆ ಹೀಗಿರಲಿ. ಗೋಧಿ ಹಿಟ್ಟು 250 ಗ್ರಾಂ, ಕಡಲೆ ಹಿಟ್ಟು ಎರಡು ದೊಡ್ಡ ಚಮಚ, ಮೊಸರು 60 ಗ್ರಾಂ, ಬಿಡಿಸಿದ ಮೆಂತ್ಯ ಸೊಪ್ಪು 50 ಗ್ರಾಂ, ಎಣ್ಣೆ ಎರಡು ಚಿಕ್ಕ ಚಮಚ, ಉಪ್ಪು ಒಂದು ಚಿಕ್ಕ ಚಮಚಕ್ಕೆ ತುಸು ಕಡಿಮೆ, ಅಚ್ಚ ಖಾರದ ಪುಡಿ ಒಂದು ಚಿಕ್ಕ ಚಮಚ, ಧನಿಯಾ ಪುಡಿ ಅಷ್ಟೇ, ಅರಿಶಿನ ಕಾಲು ಚಮಚ, ಓಮ ಅರ್ಧ ಚಮಚ, ಬಿಳಿ ಎಳ್ಳು ಒಂದು ಚಮಚ. ಇದನ್ನೇ ಲಟ್ಟಿಸುವುದಾದರೆ 90ರಿಂದ 100 ಮಿಲಿ ನೀರು ಸಾಕು. ಯಂತ್ರಕ್ಕಾದರೆ 120ರಿಂದ 130 ಮಿಲಿ, ಅದೂ ಉಗುರುಬೆಚ್ಚಗಿನದು. ಗಿರಣಿಯಲ್ಲಿ ಕಲ್ಲಿನಲ್ಲಿ ಬೀಸಿಸಿದ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ, ಮೈದಾ ಬೆರೆತದ್ದು ಕಡಿಮೆ. ಹೀಗಾಗಿ ಕೊನೆಯ ಎರಡು ಚಮಚ ನೀರನ್ನು ಕೈ ನೋಡಿಕೊಂಡೇ ಹಾಕಬೇಕು.

ಸೊಪ್ಪಿನ ವಿಚಾರದಲ್ಲಿ ಒಂದು ಕ್ರಮ ತಪ್ಪಿಸಬಾರದು. ಹೆಚ್ಚಿದ ಸೊಪ್ಪಿಗೆ ಅಷ್ಟೂ ಉಪ್ಪನ್ನು ಮೊದಲೇ ಹಾಕಿ, ಕೈಯಲ್ಲಿ ಹಿಸುಕಿ, ಹತ್ತು ನಿಮಿಷ ಬಿಡಿ. ಅದು ನೀರು ಬಿಟ್ಟುಕೊಂಡ ಮೇಲೆ ಆ ನೀರಿನ ಸಮೇತ ಮೊಸರು, ಎಣ್ಣೆ, ಪುಡಿಗಳನ್ನು ಕಲೆಸಿ, ಆಮೇಲೆ ಹಿಟ್ಟು, ಕಡೆಗೆ ನೀರು. ಸೊಪ್ಪನ್ನು ನೇರವಾಗಿ ಹಿಟ್ಟಿಗೆ ಸೇರಿಸಿ ನಾದಿಟ್ಟರೆ, ಕಣಕ ನೆನೆಯುವ ಹೊತ್ತಿನಲ್ಲಿ ಅದು ನೀರು ಬಿಡುತ್ತದೆ. ಮೊದಲು ಸರಿಯಿದ್ದ ಹದ ಅರ್ಧ ಗಂಟೆಗೆ ಅಂಟಂಟಾಗಿ, ಆಗ ಒಣಹಿಟ್ಟು ಬೆರೆಸಬೇಕಾಗುತ್ತದೆ. ನೆನೆಯದ ಆ ಹಿಟ್ಟೇ ಚಪಾತಿಯನ್ನು ಬಿರುಸು ಮಾಡುವುದು. ಸೊಪ್ಪಿನ ದಂಟು ಒಂದಿಷ್ಟೂ ಇರಬಾರದು. ಎರಡು ಮಿಲಿಮೀಟರಿಗೂ ತೆಳ್ಳಗೆ ಒತ್ತಿದ ಹಾಳೆಯಲ್ಲಿ ಒಂದು ತುಂಡು ದಂಟು ಸಿಕ್ಕಿದರೆ ಅಲ್ಲಿಂದಲೇ ಸೀಳು ಶುರು. ಓಮವನ್ನು ಅಂಗೈಯಲ್ಲಿ ಉಜ್ಜಿ ಹಾಕಿದರೆ ಘಮವೂ ಬರುತ್ತದೆ, ಕಾಳೂ ಚುಚ್ಚುವುದಿಲ್ಲ.

ಕಡಲೆ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಎರಡು ಚಮಚದವರೆಗೆ ರುಚಿಯೂ ಬರುತ್ತದೆ, ಕಚ್ಚಿದಾಗ ಹಗುರವೂ ಆಗುತ್ತದೆ. ಅರ್ಧ ಬಟ್ಟಲು ಹಾಕಿದರೆ ಲಟ್ಟಣಿಗೆ ತಡೆದುಕೊಂಡೀತು, ಯಂತ್ರದಲ್ಲಿ ಅಂಚೆಲ್ಲ ಗರಗಸವಾಗುತ್ತದೆ. ಬೆಲ್ಲ ಅಥವಾ ಸಕ್ಕರೆ ಹಾಕುವ ರೂಢಿ ಇರುವವರು ಅರ್ಧ ಚಮಚ ಮೀರಬೇಡಿ. ಸಿಹಿ ಬೇಗ ಕಂದುತ್ತದೆ, ತಟ್ಟೆಗೂ ಹಿಡಿಯುತ್ತದೆ.

ಕಣಕ ನೆನೆಯುವುದಕ್ಕೆ 30 ನಿಮಿಷ ಕೊಡಿ, ಒದ್ದೆ ಬಟ್ಟೆ ಮುಚ್ಚಿ. ಗೋಧಿಯ ತವುಡು ನೀರು ಹೀರಿ ಮೆತ್ತಗಾಗುವುದೂ ಅಂಟು ಸಡಿಲವಾಗುವುದೂ ಈ ಹೊತ್ತಿನಲ್ಲೇ. ಹತ್ತೇ ನಿಮಿಷಕ್ಕೆ ಒತ್ತಿದರೆ ಮುಚ್ಚಳ ಎತ್ತುತ್ತಿದ್ದಂತೆ ಚಪಾತಿ ಅರ್ಧ ಇಂಚು ಒಳಕ್ಕೆ ಎಳೆದುಕೊಳ್ಳುತ್ತದೆ. ಎರಡು ಗಂಟೆ ಮೀರಿಸಲೂಬಾರದು, ಉಪ್ಪು ಮೊಸರು ಸೊಪ್ಪು ಮೂರೂ ಸೇರಿದ ಕಣಕ ಅಷ್ಟರಲ್ಲಿ ಸಡಿಲವಾಗಿಬಿಡುತ್ತದೆ.

ಈಗ ಒತ್ತುವುದು. ದೀಪ ಕಾದಿದೆ ಎಂದು ತೋರಿಸಿದ ಮೇಲೂ ಒಂದು ನಿಮಿಷ ಬಿಟ್ಟು ಶುರು ಮಾಡಿ. ಉಂಡೆ 35ರಿಂದ 38 ಗ್ರಾಂ ಇರಲಿ, ಮೇಲಿನ ಅಳತೆಗೆ ಹದಿಮೂರು ಹದಿನಾಲ್ಕು ಬರುತ್ತವೆ. ಬಿರುಕಿಲ್ಲದಂತೆ ಉರುಟಿ, ಅಂಗೈಯಲ್ಲಿ ಸ್ವಲ್ಪ ಚಪ್ಪಟೆ ಮಾಡಿ, ತಟ್ಟೆಯ ನಟ್ಟನಡುವೆ ಅಲ್ಲ, ಕೀಲಿನ ಕಡೆಗೆ ಒಂದು ಬೆರಳಿನಷ್ಟು ಸರಿಸಿ ಇಡಿ. ಕೀಲಿನ ಬದಿ ಮೊದಲು ಮುಚ್ಚಿಕೊಳ್ಳುವುದರಿಂದ ಹಿಟ್ಟು ಹಿಡಿಯ ಕಡೆಗೆ ಜಾರುತ್ತದೆ. ನಡುವೆಯೇ ಇಟ್ಟರೆ ಚಪಾತಿ ಮುಂದಕ್ಕೆ ಓಡಿ, ಒಂದು ಬದಿ ದಪ್ಪ ಒಂದು ಬದಿ ತೆಳುವಾಗುತ್ತದೆ. ಒತ್ತುವುದು ಒಂದೇ ಸಲ, ಒಂದರಿಂದ ಎರಡು ಸೆಕೆಂಡ್, ತಕ್ಷಣ ಮುಚ್ಚಳ ಎತ್ತಬೇಕು. ಚುಯ್ ಎಂಬ ಸದ್ದು ಬಂದರೆ ಒಳಗಿನ ನೀರು ಆವಿಯಾಗಿ ಹೊರಬರುತ್ತಿದೆ ಎಂದರ್ಥ. ಆಗಲೂ ಒತ್ತಿಯೇ ಹಿಡಿದರೆ ಆವಿ ಹಾಳೆಯನ್ನು ಒಡೆದುಕೊಂಡು ಬರುತ್ತದೆ. ದುಂಡಗೆ ಬರಲಿಲ್ಲವೆಂದು ಎರಡನೇ ಸಲ ಒತ್ತುವವರೇ ಹೆಚ್ಚು, ಹರಿಯುವುದೂ ಆಗಲೇ. ಆರು ಇಂಚಿಗೆ ನಿಂತರೆ ನಿಲ್ಲಲಿ, ಬಿಡಿ.

ತಯಾರಕರ ಕೈಪಿಡಿಯಂತೆ ಹೋದರೆ ಇಲ್ಲಿಂದ ಮುಂದೆ ತಿರುವಿ ಹಾಕುತ್ತಾ ಯಂತ್ರದಲ್ಲೇ ಬೇಯಿಸಬೇಕು. ಸಾದಾ ಚಪಾತಿ ಹಾಗೆ ಮಾಡಿದರೂ ಚೆನ್ನಾಗಿಯೇ ಉಬ್ಬುತ್ತದೆ. ಮಸಾಲೆ ಚಪಾತಿಗೆ ಈ ದಾರಿ ಒಗ್ಗುವುದಿಲ್ಲ. ತಟ್ಟೆಯ ಕಾವು ಗ್ಯಾಸಿನ ಮೇಲಿನ ಕಬ್ಬಿಣದ ಕಾವಲಿಯಷ್ಟು ಚುರುಕಲ್ಲ. ಸೊಪ್ಪಿನ ನೀರೂ ಆರಬೇಕಾದ್ದರಿಂದ ಬಣ್ಣ ಬರುವಷ್ಟರಲ್ಲಿ ಒಂದೂವರೆ ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ಹಿಟ್ಟಿನ ನೀರೂ ಹೋಗಿ ಬಿರುಸಾಗುತ್ತದೆ. ಮೃದುವಾದ ಚಪಾತಿಗೆ ಬೇಕಾದದ್ದು ಹೆಚ್ಚು ಕಾವು, ಕಡಿಮೆ ಹೊತ್ತು.

ಆದ್ದರಿಂದ ಪಕ್ಕದಲ್ಲೇ ಕಾವಲಿ ಕಾಯಲಿ. ಚಿಮುಕಿಸಿದ ನೀರು ಹನಿಹನಿಯಾಗಿ ಓಡಿ ಮಾಯವಾಗುವಷ್ಟು ಕಾವಿರಬೇಕು. ಒತ್ತಿದ ಚಪಾತಿಯನ್ನು ಯಂತ್ರದಲ್ಲಿ ಹತ್ತು ಹದಿನೈದು ಸೆಕೆಂಡ್ ತೆರೆದಿಟ್ಟರೆ ತಾನಾಗಿ ತಳ ಬಿಡುತ್ತದೆ. ಅದನ್ನು ಮರದ ಮಗುಚುವ ಕೈಯಿಂದ ಎತ್ತಿ ಕಾವಲಿಗೆ ಹಾಕಿ. ಒಂದು ಮಗ್ಗುಲಿಗೆ 25ರಿಂದ 30 ಸೆಕೆಂಡ್, ತಿರುವಿ ಅರ್ಧ ಚಮಚ ಎಣ್ಣೆ ಸವರಿ ಮತ್ತೆ ಅಷ್ಟೇ ಹೊತ್ತು, ಅಂಚನ್ನು ಬಟ್ಟೆಯ ಉಂಡೆಯಿಂದ ಮೆಲ್ಲಗೆ ಅದುಮುತ್ತಾ. ಮುಂದಿನದನ್ನು ಒತ್ತಿ ತೆಗೆಯುವಷ್ಟರಲ್ಲಿ ಇದು ಮುಗಿದಿರುತ್ತದೆ. ಹೀಗೆ ಮಾಡಿದ ಚಪಾತಿಗೆ ಅಲ್ಲಲ್ಲಿ ಕಂದು ಚುಕ್ಕೆ ಇರುತ್ತದೆ, ನಾಲ್ಕು ಮಡಿಕೆ ಮಾಡಿದರೂ ಮುರಿಯುವುದಿಲ್ಲ. ಲಟ್ಟಿಸುವಾಗ ಬಳಸುವ ಒಣಹಿಟ್ಟು ಇಲ್ಲಿ ಬೇಕೇ ಇಲ್ಲದ್ದರಿಂದ ಕಾವಲಿಯ ಮೇಲೆ ಸುಟ್ಟ ಹಿಟ್ಟಿನ ಕಹಿಯೂ ಇಲ್ಲ. ಈ ಒಂದು ಅಂಶದಲ್ಲಿ ಯಂತ್ರ ಲಟ್ಟಣಿಗೆಯನ್ನು ಮೀರಿಸುತ್ತದೆ.

ನಾಲ್ಕೈದು ಒತ್ತಿದ ಮೇಲೆ ತಟ್ಟೆ ತಣಿಯುತ್ತದೆ, ಒದ್ದೆ ಕಣಕ ಕಾವನ್ನು ಎಳೆದುಕೊಂಡಿರುತ್ತದೆ. ಮೊದಲಿನವು ಚೆನ್ನಾಗಿ ಬಂದು ಆಮೇಲಿನವು ಮೇಲಿನ ತಟ್ಟೆಗೆ ಅಂಟಿಕೊಂಡು ಹರಿದರೆ ಕಾರಣ ಇದೇ. ದೀಪ ಮತ್ತೆ ಬರುವವರೆಗೆ ಕಾಯಿರಿ. ಅಂಟುತ್ತದೆಂದು ತಟ್ಟೆಗೆ ಎಣ್ಣೆ ಬಳಿಯುವುದು ತಪ್ಪು: ಆ ಎಣ್ಣೆ ಕಾದು ಕಾದು ಕಂದು ಅಂಟಾಗಿ ಕೂರುತ್ತದೆ, ಮುಂದೆ ಇನ್ನೂ ಹೆಚ್ಚು ಹಿಡಿಯುತ್ತದೆ. ಎಣ್ಣೆ ಏನಿದ್ದರೂ ಕಣಕದೊಳಗೆ. ಸ್ಟೀಲಿನ ಚಮಚ, ಚಾಕು ತಾಗಿಸಬೇಡಿ. ಈ ತಟ್ಟೆಗಳನ್ನು ಕಳಚಲು ಬರುವುದಿಲ್ಲ, ನೀರಿಗೆ ಹಿಡಿಯುವಂತಿಲ್ಲ. ಪ್ಲಗ್ ತೆಗೆದು, ಬೆಚ್ಚಗಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿದರೆ ಅರಿಶಿನ ಖಾರದ ಕರೆ ಬಿಡುತ್ತದೆ. ಮರುದಿನಕ್ಕೆ ಬಿಟ್ಟರೆ ಆ ವಾಸನೆ ಮುಂದಿನ ಸಾದಾ ಚಪಾತಿಗೂ ಹತ್ತುತ್ತದೆ.

ಬೆಂದದ್ದನ್ನು ಒಂದರ ಮೇಲೊಂದು ಪೇರಿಸಿ ಬಟ್ಟೆ ಹಾಸಿದ ಹಾಟ್‌ಬಾಕ್ಸಿನಲ್ಲಿಡಿ. ಬಟ್ಟೆ ಇಲ್ಲದಿದ್ದರೆ ಆವಿ ನೀರಾಗಿ ಇಳಿದು ತಳದ್ದು ಒದ್ದೆಯಾಗುತ್ತದೆ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಬೇಗ ಗಟ್ಟಿಯಾಗುತ್ತದೆ, ತಿನ್ನುವ ಮುಂಚೆ ಕಾವಲಿಯ ಮೇಲೆ ನೀರು ಚಿಮುಕಿಸಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.

ಮೆಂತ್ಯದ ಬದಲು ಪಾಲಕ್ ಆದರೆ ಬೇಯಿಸಿ ನುಣ್ಣಗೆ ರುಬ್ಬಿ ಆ ರಸದಲ್ಲೇ ಕಲೆಸಿ, ಯಂತ್ರಕ್ಕೆ ಇದಕ್ಕಿಂತ ಸಲೀಸಾದ ಮಸಾಲೆ ಕಣಕ ಇನ್ನೊಂದಿಲ್ಲ. ಬೇಯಿಸಿದ ಆಲೂಗಡ್ಡೆಯನ್ನು ಗಂಟಿಲ್ಲದಂತೆ ಹಿಸುಕಿ 100 ಗ್ರಾಂ ಸೇರಿಸಿದರೂ ಮೃದುವಾಗಿ ಬರುತ್ತದೆ, ಆಗ ನೀರನ್ನು ಕಡಿಮೆ ಮಾಡಿಕೊಳ್ಳಿ. ತುರಿದ ಕ್ಯಾರೆಟ್, ಹೆಚ್ಚಿದ ಈರುಳ್ಳಿ ಬೇಡ. ಹೂರಣ ತುಂಬಿದ ಪರಾಠ ಖಂಡಿತ ಬೇಡ, ಮೊದಲ ಒತ್ತಿಗೇ ಹೂರಣ ಹೊರಗೆ. ಅಕ್ಕಿ ರೊಟ್ಟಿ, ಜೋಳದ ರೊಟ್ಟಿ, ತಾಲಿಪಟ್ಟುಗಳಿಗೂ ಇದನ್ನು ನಂಬಿ ಕೊಳ್ಳಬೇಡಿ. ಹಿಡಿದುಕೊಳ್ಳುವ ಅಂಟಿಲ್ಲದ ಹಿಟ್ಟುಗಳವು, ಕೈಯಲ್ಲಿ ತಟ್ಟಿದರೇ ಚೆನ್ನ.

ಕರೆಂಟಿಲ್ಲದ, ಬರೀ ಒತ್ತುವ ಮಣೆಯೂ ಸಿಗುತ್ತದೆ, ಬೆಲೆ ಕಡಿಮೆ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಬೇಕು. ತಣ್ಣಗಿನ ಹಿಟ್ಟು ಒತ್ತಿದ ಮೇಲೆ ಹಿಂದಕ್ಕೆ ಎಳೆದುಕೊಳ್ಳುವುದರಿಂದ ಅಷ್ಟು ತೆಳ್ಳಗೆ ಬರುವುದಿಲ್ಲ. ತುಸು ದಪ್ಪ ಚಪಾತಿ ಇಷ್ಟಪಡುವವರಿಗೆ ಅದೇ ಸಾಕು. ಲಟ್ಟಿಸಿದರೆ ಭುಜ, ಮಣಿಕಟ್ಟು ನೋಯುವವರಿಗೆ, ದುಂಡಗೆ ಲಟ್ಟಿಸುವುದು ಇನ್ನೂ ಕೈಗೆ ಹತ್ತದವರಿಗೆ ಕರೆಂಟಿನದು ನಿಜಕ್ಕೂ ಉಪಕಾರಿ. ಕೈ ಪಳಗಿದವರಿಗೆ ಇದರಿಂದ ಸಮಯವೇನೂ ಉಳಿಯುವುದಿಲ್ಲ.

ಕೊಳ್ಳುವಾಗ ಬಣ್ಣ, ಆಕಾರ ಬಿಟ್ಟು ಕೀಲನ್ನು ನೋಡಿ. ತಣ್ಣಗಿರುವ ಯಂತ್ರದ ಎಡಕ್ಕೊಂದು ಬಲಕ್ಕೊಂದು ಕಾಗದದ ಪಟ್ಟಿ ಇಟ್ಟು, ಮುಚ್ಚಳ ಒತ್ತಿ ಹಿಡಿದು ಎರಡನ್ನೂ ಎಳೆಯಿರಿ. ಎರಡೂ ಒಂದೇ ಬಿಗಿಯಲ್ಲಿ ಬರಬೇಕು. ಒಂದು ಸಲೀಸಾಗಿ ಜಾರಿ, ಇನ್ನೊಂದು ಸಿಕ್ಕಿಕೊಂಡರೆ ತಟ್ಟೆಗಳು ಸಮವಾಗಿ ಕೂಡುತ್ತಿಲ್ಲ, ಎಂಥ ಹದದ ಕಣಕ ಇಟ್ಟರೂ ಒಂದು ಬದಿ ದಪ್ಪವೇ ಬರುತ್ತದೆ. ಹಿಡಿಯನ್ನು ಅಡ್ಡಕ್ಕೆ ಅಲ್ಲಾಡಿಸಿದಾಗ ಲೊಡಲೊಡ ಎಂದರೆ ಅದನ್ನೂ ಬಿಡಿ. ಕಾವು ಹೆಚ್ಚು ಕಡಿಮೆ ಮಾಡುವ ಗುಂಡಿ ಇರುವ ಮಾದರಿ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ಅಡ್ಡಿಯಿಲ್ಲ. ಮಸಾಲೆ ಕಣಕಕ್ಕೆ ಅದನ್ನು ಕೊನೆಯ ಗೆರೆಯವರೆಗೆ ತಿರುಗಿಸಿಟ್ಟುಕೊಳ್ಳಿ.