ಅಡುಗೆಮನೆ ಕಪಾಟಿಗೆ ಮ್ಯಾಗ್ನೆಟಿಕ್ ಚೈಲ್ಡ್ ಲಾಕ್: ಎಲ್ಲಿ ಬೇಕು, ಎಲ್ಲಿ ಬೇಡ

ಅಂಬೆಗಾಲಿಡುವ ಮಗುವಿರುವ ಮನೆಗೆ ಈ ಲಾಕ್ ಒಳ್ಳೆಯ ವಸ್ತುವೇ. ಆದರೆ ಹತ್ತರ ಪ್ಯಾಕ್ ಬಂತೆಂದು ಹತ್ತೂ ಕಡೆ ಹಾಕಬೇಡಿ. ಬೇಕಿರುವುದು ಸಿಂಕ್ ಕೆಳಗಿನ ಕಪಾಟಿಗೆ, ಚಾಕು ಕತ್ತರಿಗಳ ಡ್ರಾಯರ್‌ಗೆ, ಗಾಜಿನ ಸಾಮಾನಿರುವ ಕಡೆಗೆ. ಮಾತುಮಾತಿಗೆ ತೆರೆಯುವ ಪಾತ್ರೆಗಳ ಡ್ರಾಯರ್‌ಗೂ ಹಾಕಿದರೆ ದೊಡ್ಡವರೇ ಬೇಸತ್ತು ಲಾಕ್‌ನಲ್ಲಿರುವ ಪುಟ್ಟ ಸ್ವಿಚ್ ಸರಿಸಿ ಒಂದೊಂದಾಗಿ ಆಫ್ ಮಾಡುತ್ತಾರೆ, ಕೊನೆಗೆ ಸಿಂಕ್ ಕೆಳಗಿನದೂ ಆಫ್ ಆಗಿರುತ್ತದೆ. ಸ್ಟೀಲ್ ಡಬ್ಬ, ಮರದ ಸೌಟು, ಪ್ಲಾಸ್ಟಿಕ್ ಬಟ್ಟಲುಗಳ ಒಂದು ಕೆಳ ಕಪಾಟನ್ನು ಮಗುವಿಗೇ ಬಿಟ್ಟುಕೊಡಿ. ಅದು ಒಲೆಯಿಂದ ದೂರವಿರಲಿ.

ಲಾಕ್‌ನ ಒಂದು ಭಾಗ ಬಾಗಿಲ ಒಳಮೈಗೆ, ಇನ್ನೊಂದು ಚೌಕಟ್ಟಿಗೆ ಕೂರುತ್ತದೆ. ಹೊರಗಿನಿಂದ ಮ್ಯಾಗ್ನೆಟ್ ಕೀ ಹಿಡಿದರೆ ಒಳಗಿನ ಕೊಕ್ಕೆ ಜಾರಿ ಬಾಗಿಲು ಬಿಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಹಾಗಾಗಿ ಮಗುವಿಗೆ ಕೀಳಲು ಏನೂ ಸಿಗುವುದಿಲ್ಲ. ಸ್ಪ್ರಿಂಗ್ ಕೊಕ್ಕೆಯ ಹಳೆಯ ಮಾದರಿಗಿಂತ ಇದು ಮೇಲಾಗುವುದು ಇನ್ನೊಂದು ಕಾರಣಕ್ಕೆ: ಹಳೆಯದರಲ್ಲಿ ಬಾಗಿಲು ಎರಡು ಮೂರು ಸೆಂಟಿಮೀಟರ್ ತೆರೆದ ಮೇಲೆ ತಡೆಯುತ್ತದೆ, ಆ ಸಂದಿಗೆ ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ.

ಕೊಳ್ಳುವ ಮುಂಚೆ ಬಾಗಿಲ ದಪ್ಪ ಅಳೆಯಿರಿ. 18 ಮಿಮೀ ಪ್ಲೈವುಡ್‌ಗೆ ಎರಡೂ ಕಡೆ ಲ್ಯಾಮಿನೇಟ್ ಸೇರಿದರೆ ಸುಮಾರು 20 ಮಿಮೀ. ಬಹುತೇಕ ಕೀಗಳಿಗೆ ಇದು ತೊಂದರೆಯಲ್ಲ. ಹೊರಗೆ ಎತ್ತರಿಸಿದ ಪಟ್ಟಿ ವಿನ್ಯಾಸವಿದ್ದರೆ ಆ ದಪ್ಪವನ್ನೂ ಸೇರಿಸಿ ಲೆಕ್ಕ ಹಾಕಿ, ಏಕೆಂದರೆ ಅಂತರ ಹೆಚ್ಚಿದಂತೆ ಮ್ಯಾಗ್ನೆಟ್‌ನ ಸೆಳೆತ ಬೇಗ ಕುಸಿಯುತ್ತದೆ. ಮ್ಯಾಗ್ನೆಟ್ ಅಂಟುವಂಥ ಸ್ಟೀಲ್ ಬಾಗಿಲಿಗೆ ಇದು ಸರಿಹೋಗುವುದಿಲ್ಲ. ಒತ್ತಿದರೆ ತೆರೆಯುವ, ಹಿಡಿಕೆಯಿಲ್ಲದ ಬಾಗಿಲಿಗೂ ಕಷ್ಟ: ಒಳಗಿನ ಸ್ಪ್ರಿಂಗ್ ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ, ಕೊಕ್ಕೆ ಹಿಡಿದುಕೊಳ್ಳುತ್ತದೆ, ಬಾಗಿಲು ಅರೆಬರೆ ನಿಲ್ಲುತ್ತದೆ.

ಲಾಕ್ ಕೈಕೊಟ್ಟಿತೆಂಬ ದೂರುಗಳಲ್ಲಿ ಹೆಚ್ಚಿನವು ಅಂಟಿಸಿದ ರೀತಿಯ ತಪ್ಪು. ಕಪಾಟಿನೊಳಗೆ ಕಣ್ಣಿಗೆ ಕಾಣದ ಜಿಡ್ಡಿನ ಪದರ ಇದ್ದೇ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಲದು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಅಂಟಿಸಿ ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಲಾಕ್‌ನ ಹಿಂಬದಿಯ ಅಂಟು ಟೇಪ್ ಪೂರ್ತಿ ಬಲ ಪಡೆಯಲು ಸುಮಾರು 72 ಗಂಟೆ ಬೇಕು. ಅಷ್ಟರವರೆಗೆ ಸ್ವಿಚ್ ಆಫ್ ಇಟ್ಟು, ಸಿಂಕ್ ಕೆಳಗಿನ ಸಾಮಾನನ್ನು ಬೇರೆಡೆ ಎತ್ತಿಡಿ. ಅಂಟಿಸಿದ ಸಂಜೆಯೇ ಎಳೆದು ನೋಡಿದರೆ ಕಿತ್ತು ಬರುವುದು ಸಹಜ. ಸಿಂಕ್ ಕೆಳಗೆ ತೇವ, ಒಲೆಯ ಪಕ್ಕ ಕಾವು. ಈ ಎರಡು ಕಡೆಯಾದರೂ ಟೇಪ್ ಬಿಟ್ಟು ಸ್ಕ್ರೂ ಹಾಕಿಸಿ. 18 ಮಿಮೀ ಹಲಗೆಗೆ 12 ಮಿಮೀ ಉದ್ದದ ಸ್ಕ್ರೂ ಸಾಕು. 20 ಮಿಮೀಯದು ಹಾಕಿದರೆ ತುದಿ ಆಚೆ ಬದಿಯಲ್ಲಿ ಇಣುಕಬಹುದು.

ಜೋಡಿಸುವ ಮುಂಚೆ ಹಿಂಜ್ ನೋಡಿ. ಬಾಗಿಲು ಎರಡು ಮೂರು ಮಿಮೀ ಜೋತುಬಿದ್ದಿದ್ದರೆ ಕೊಕ್ಕೆ ತನ್ನ ಕಚ್ಚಿಗೆ ಸಿಗದೆ ಹೋಗಬಹುದು; ಹಿಂಜ್‌ನ ಸ್ಕ್ರೂ ತಿರುಗಿಸಿ ನೆಟ್ಟಗಾಗಿಸಿದ ಮೇಲೆಯೇ ಜಾಗ ಗುರುತಿಸಿ. ಪ್ಯಾಕ್‌ನೊಳಗಿನ ಪ್ಲಾಸ್ಟಿಕ್ ಅಚ್ಚನ್ನು ಎಸೆಯಬೇಡಿ, ಎರಡೂ ಭಾಗಗಳನ್ನು ಎದುರುಬದುರು ಕೂರಿಸಲು ಅದೇ ಬೇಕು. ಅಗಲವಾದ ಡ್ರಾಯರ್‌ಗೆ ನಡುವೆ ಒಂದೇ ಲಾಕ್ ಹಾಕಿದರೆ ಮಗು ಒಂದು ಮೂಲೆ ಹಿಡಿದು ಜಗ್ಗಿದಾಗ ಅಡ್ಡಡ್ಡ ವಾಲುತ್ತದೆ, ಆದ್ದರಿಂದ ಎರಡು ಹಾಕಿ. ತೆರೆಯಲು ಎರಡು ಕೈಯೂ ಬೇಕಾಗುತ್ತದೆ, ಅದು ನಿಜಕ್ಕೂ ಕಿರಿಕಿರಿ. ಒಲೆಯ ಪಕ್ಕದ ಡ್ರಾಯರ್ ಸಾಲಿನಲ್ಲಿ ಏನೇ ಇರಲಿ, ಅದಕ್ಕೂ ಲಾಕ್ ಬೇಕು. ಒಂದರ ಮೇಲೊಂದು ಎಳೆದಿಟ್ಟ ಡ್ರಾಯರ್‌ಗಳು ಮಗುವಿಗೆ ಏಣಿಯಾಗುತ್ತವೆ.

ಕೀಯನ್ನು ಫ್ರಿಜ್ ಬಾಗಿಲಿಗೆ ಅಂಟಿಸುವ ಅಭ್ಯಾಸವಿದ್ದರೆ ಬಿಡಿ, ಚಿಮಣಿಯ ಮೈಗೆ ಅಥವಾ ಮೇಲಿನ ಕಪಾಟಿನೊಳಗೆ ಇಡಿ. ಅದರೊಳಗಿನ ಮ್ಯಾಗ್ನೆಟ್ ಬಲವಾದದ್ದು. ಕವಚ ಬಿರುಕು ಬಿಟ್ಟ ಕೀ ಮನೆಯಲ್ಲಿರಲೇಕೂಡದು: ಒಂದಕ್ಕಿಂತ ಹೆಚ್ಚು ಮ್ಯಾಗ್ನೆಟ್ ಚೂರು ಮಗುವಿನ ಹೊಟ್ಟೆ ಸೇರಿದರೆ ಕರುಳಿನ ಗೋಡೆಗಳ ಆಚೀಚೆಯಿಂದ ಒಂದನ್ನೊಂದು ಸೆಳೆದು ತೂತು ಮಾಡಬಲ್ಲವು. ನುಂಗಿದ ಅನುಮಾನ ಬಂದರೂ ತಕ್ಷಣ ಆಸ್ಪತ್ರೆಗೆ ಹೊರಡಿ. ಪೇಸ್‌ಮೇಕರ್ ಇರುವವರು ಕೀಯನ್ನು ಎದೆಯಿಂದ 15 ಸೆಂಟಿಮೀಟರ್‌ಗಿಂತ ಹತ್ತಿರ ತರಬಾರದು.

ಮೋರಿ ಕಟ್ಟಿಕೊಂಡಾಗ ಸುರಿಯುವ ಕಾಸ್ಟಿಕ್ ಪುಡಿಯನ್ನು ಮಾತ್ರ ಲಾಕ್ ನಂಬಿ ಕೆಳಗಿಡಬೇಡಿ. ಅದರ ಜಾಗ ಮೇಲಿನ ಕಪಾಟು, ಅದೂ ಮೂಲ ಡಬ್ಬದಲ್ಲೇ.

ಮುಂದೆ ಲಾಕ್ ತೆಗೆಯುವಾಗ ಉಳಿ ಹಾಕಿ ಮೀಟಿದರೆ ಲ್ಯಾಮಿನೇಟ್ ಎದ್ದು ಬರುತ್ತದೆ. ಹೇರ್ ಡ್ರೈಯರ್‌ನಿಂದ ಒಂದೆರಡು ನಿಮಿಷ ಬಿಸಿ ಮಾಡಿ, ಟೇಪ್‌ನ ಹಿಂದೆ ಗಟ್ಟಿ ನೈಲಾನ್ ದಾರ ತೂರಿಸಿ ಗರಗಸದಂತೆ ಎಳೆಯಿರಿ. ಉಳಿದ ಅಂಟು ಬೆರಳಲ್ಲಿ ಉಜ್ಜಿದರೆ ಉಂಡೆಯಾಗಿ ಬರುತ್ತದೆ.