ಬೇರು ತೋರಿಸಿ ಸಸಿ ಮಾರುವ ನರ್ಸರಿ

ಚಿತ್ರದುರ್ಗದಿಂದ ಚಳ್ಳಕೆರೆಗೆ ಹೋಗುವ ದಾರಿಯಲ್ಲಿರುವ ಈ ನರ್ಸರಿಗೆ, ಶೇಂಗಾ ಹೊಲದ ಬದುವಿನಲ್ಲಿ ನೆಡಲು ಹೊಂಗೆ, ಬೇವು, ಹುಣಸೆ ಕೇಳಿಕೊಂಡು ಹೋಗಿದ್ದೆ. ನಡೆಸುವ ಅಕ್ಕ ಒಂದು ಹೊಂಗೆ ಸಸಿಯ ಚೀಲವನ್ನು ಬ್ಲೇಡಿನಿಂದ ಸೀಳಿ ನನ್ನ ಮುಂದೆ ಹಿಡಿದರು. ತಾಯಿಬೇರು ನೆಟ್ಟಗೆ ಇಳಿದಿತ್ತು, ಬಿಳಿಯ ಎಳೆಬೇರುಗಳು ಕೆಮ್ಮಣ್ಣನ್ನು ಬಿಗಿಯಾಗಿ ಹಿಡಿದಿದ್ದವು. ಪಕ್ಕದ ಸಾಲಿನ ಹಳೆಯ ಹುಣಸೆಯಲ್ಲಿ ಬೇರು ತಳದಲ್ಲಿ ಸಿಂಬೆಯಂತೆ ಸುತ್ತಿಕೊಂಡಿತ್ತು. “ಇದನ್ನು ಕೊಡುವುದಿಲ್ಲ ಅಣ್ಣ, ಮಳೆಗಾಲದಲ್ಲಿ ಹಸಿರಾಗಿರುತ್ತದೆ, ಬೇಸಿಗೆ ತಡೆಯುವುದಿಲ್ಲ” ಎಂದರು.

ಬದುವಿನಲ್ಲಿ ಹಿಂದೆ ಕಡಿದ ಬೇವಿನ ಬುಡಗಳಿವೆ ಎಂದಾಗ, “ಚಿಗುರುತ್ತಿದ್ದರೆ ಅಲ್ಲಿಗೆ ಸಸಿ ಕೊಳ್ಳಬೇಡಿ. ಗಟ್ಟಿ ಚಿಗುರು ಒಂದೆರಡು ಬಿಟ್ಟು ಉಳಿದದ್ದನ್ನು ಸವರಿ, ಆಡು ಬಾಯಿ ಹಾಕದಂತೆ ಮುಳ್ಳು ಕಟ್ಟಿ” ಎಂದರು. ಬಂದ ಗಿರಾಕಿಗೆ ಹೀಗೆ ಹೇಳುವವರು ಅಪರೂಪ. ಆಫ್ರಿಕಾದ ನೈಜರ್ ದೇಶದ ಮರಾಡಿ ಸೀಮೆಯಲ್ಲಿ ನೆಟ್ಟ ಸಸಿಗಳು ಒಣಗುತ್ತಲೇ ಇದ್ದಾಗ, 1980ರ ದಶಕದಲ್ಲಿ ರೈತರು ಹಿಡಿದದ್ದು ಇದೇ ದಾರಿ. ಹೊಲದಲ್ಲಿ ಜೀವ ಹಿಡಿದಿದ್ದ ಬುಡಗಳ ಚಿಗುರನ್ನು ಸವರಿ ಬೆಳೆಸಿದರು. ಮರಾಡಿಯಾಚೆಗೂ ಇದು ಹಬ್ಬಿ, ಆ ದೇಶದ ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರಗಳು ಮತ್ತೆ ನಿಂತವು. ಆ ಬುಡಗಳನ್ನು ಉತ್ತು ಕಿತ್ತಿದ್ದರೆ ಯಾವ ನರ್ಸರಿಯೂ ಅಷ್ಟು ಸಸಿ ಕೊಡಲಾರದು.

ಕೊರತೆಯೂ ಇದೆ. ಬೀಜ ಹಾಕಿದ ತಿಂಗಳನ್ನು ಯಾವ ಸಾಲಿಗೂ ಬರೆದಿಲ್ಲ, ಆದ್ದರಿಂದ ಸಸಿಯ ವಯಸ್ಸು ಅಕ್ಕನ ಬಾಯಿಂದಲೇ ತಿಳಿಯಬೇಕು. ಕಮರದ ಸಸಿ ಇಲ್ಲವೇ ಇಲ್ಲ. ನಮ್ಮ ಕಲ್ಲುನೆಲಕ್ಕೆ ಅದಕ್ಕಿಂತ ಒಗ್ಗುವ ಮರ ಯಾವುದಿದೆ? ಸತ್ತ ಸಸಿಗೆ ಬದಲಿ ಕೊಡುವ ಪದ್ಧತಿಯೂ ಇಲ್ಲ. ಕೀನ್ಯಾದಲ್ಲಿ ವಂಗಾರಿ ಮಾಥಾಯ್ 1977ರಲ್ಲಿ ಹಸಿರು ಪಟ್ಟಿ ಚಳವಳಿ ಆರಂಭಿಸಿ, ಬದುಕುಳಿದ ಸಸಿಯ ಲೆಕ್ಕಕ್ಕೆ ಹಳ್ಳಿಯ ಹೆಂಗಸರಿಗೆ ಅಲ್ಪ ಹಣ ಕೊಡಿಸಿದರು. ನಮ್ಮ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯೂ ಉಳಿದ ಸಸಿಗೇ ಹಣ ಕೊಡುತ್ತದೆ, ಆದರೆ ಸಸಿ ಅರಣ್ಯ ಇಲಾಖೆಯ ನರ್ಸರಿಯದ್ದಾಗಿರಬೇಕು. ಆ ಹಣ ಬೇಕಾದವರು ಮೊದಲು ಅಲ್ಲಿಗೇ ಹೋಗಲಿ.

ಮಿಕ್ಕವರು ಇಲ್ಲಿಗೆ ಧಾರಾಳವಾಗಿ ಬರಬಹುದು. ಗುಂಡಿ ತೆಗೆದು, ಒಂದು ಹದ ಮಳೆ ಬಿದ್ದ ಮೇಲೆ ಬನ್ನಿ. ಬೆಳಿಗ್ಗೆಯೇ ಬಂದರೆ ಅಕ್ಕನಿಗೆ ಬೇರು ತೋರಿಸಲು ಪುರುಸೊತ್ತಿರುತ್ತದೆ.