ಹಳ್ಳಿಮನೆಗೆ ಹಾಕಿಸಿದ ನಾಲ್ಕು ಕ್ಯಾಮೆರಾ: ಒಂದು ವರ್ಷದ ಬಳಕೆಯ ನಂತರ

ಶಿರಸಿಯ ಸಮೀಪದ ನಮ್ಮ ಮನೆಯಲ್ಲಿ ಈಗ ಅಪ್ಪ, ಅಮ್ಮ ಇಬ್ಬರೇ ಇರುತ್ತಾರೆ. ಕೊನೆಕೊಯ್ಲು ಮುಗಿದು ಚಾಲಿ ಅಡಿಕೆ ಒಣಗಲು ಅಂಗಳಕ್ಕೆ ಬಿದ್ದ ಮೇಲೆ ಸುಮಾರು ಒಂದೂವರೆ ತಿಂಗಳು ವರ್ಷದ ದುಡಿಮೆಯೆಲ್ಲ ಬಯಲಿನಲ್ಲೇ ಇರುತ್ತದೆ. ಬೆಂಗಳೂರಿನಲ್ಲಿ ಕುಳಿತ ನನಗೆ ಅದಕ್ಕಿಂತ ಹೆಚ್ಚಾಗಿ ಅವರಿಬ್ಬರ ಚಿಂತೆಯೇ ಇದ್ದುದರಿಂದ, ಕಳೆದ ವರ್ಷ ಕೊಯ್ಲಿಗೆ ಮೊದಲು ಪಟ್ಟಣದ ಅಂಗಡಿಯೊಂದರಿಂದ ನಾಲ್ಕು ಕ್ಯಾಮೆರಾಗಳ ಸೆಟ್ ಹಾಕಿಸಿದೆ. ನಾಲ್ಕು ಚಾನೆಲ್‌ನ ಡಿವಿಆರ್ (ದೃಶ್ಯಗಳನ್ನು ದಾಖಲಿಸಿಡುವ ಯಂತ್ರ), ಎರಡು ಮೆಗಾಪಿಕ್ಸೆಲ್‌ನ ಮೂರು ಬುಲೆಟ್ ಕ್ಯಾಮೆರಾ, ಜಗಲಿಗೆ ಒಂದು ಡೋಮ್ ಕ್ಯಾಮೆರಾ, ಒಂದು ಟೆರಾಬೈಟ್‌ನ ಹಾರ್ಡ್ ಡಿಸ್ಕ್, ವೈರಿಂಗ್ ಮತ್ತು ಜೋಡಣೆ ಎಲ್ಲ ಸೇರಿ 21,000 ರೂಪಾಯಿ ಆಯಿತು. ಅಂಗಡಿಯ ಹೆಸರನ್ನಾಗಲಿ ಕಂಪನಿಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಈ ಬೆಲೆಯಲ್ಲಿ ಸಿಗುವ ಸೆಟ್‌ಗಳು ಒಳಗಿನಿಂದ ಬಹುಪಾಲು ಒಂದೇ ಬಗೆಯವು, ನಾನು ಅನುಭವಿಸಿದ ತೊಂದರೆಗಳೂ ಯಾವುದೋ ಒಂದು ಕಂಪನಿಗೆ ಸೀಮಿತವಾದವಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಹಗಲಿನ ಚಿತ್ರ ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿದೆ. ಜಗಲಿಯ ಕ್ಯಾಮೆರಾದಲ್ಲಿ ಅಮ್ಮ ಯಾವ ಸೀರೆ ಉಟ್ಟಿದ್ದಾರೆ ಎಂಬುದು ಬಣ್ಣದ ಸಮೇತ ಕಾಣಿಸುತ್ತದೆ, ಮಳೆಗಾಲದ ಮಬ್ಬು ಮಧ್ಯಾಹ್ನದಲ್ಲೂ ಅಂಗಳ ಸ್ಪಷ್ಟವಾಗಿರುತ್ತದೆ. ಮೊಬೈಲ್ ಆ್ಯಪ್ ಮೂರು ನಾಲ್ಕು ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ. ಇಡೀ ಒಂದು ಮಳೆಗಾಲ ನೆನೆದರೂ ಬುಲೆಟ್ ಕ್ಯಾಮೆರಾಗಳ ಒಳಗೆ ನೀರು ಹೋಗಿಲ್ಲ. ಉಪಕರಣದ ಬಗ್ಗೆ ನನಗೆ ದೊಡ್ಡ ದೂರಿಲ್ಲ. ಅದನ್ನು ಜೋಡಿಸಿದ ರೀತಿಯ ಬಗ್ಗೆ ದೂರು ಇದೆ, ಮತ್ತು ಆ ದೂರು ನನಗೆ ತಿಳಿದದ್ದು ತೀರ ತಡವಾಗಿ.

ಜನವರಿಯ ಒಂದು ಬೆಳಿಗ್ಗೆ ಅಂಗಳದಂಚಿನಲ್ಲಿ ಕಟ್ಟಿಟ್ಟಿದ್ದ ಅಡಿಕೆಯಲ್ಲಿ ಒಂದು ಮೂಟೆ ಇರಲಿಲ್ಲ. ಅಪ್ಪ ಫೋನ್ ಮಾಡಿದಾಗ ನಾನು ಸ್ವಲ್ಪವೂ ಗಾಬರಿಯಾಗಲಿಲ್ಲ, ಕ್ಯಾಮೆರಾ ಇದೆಯಲ್ಲ ಎಂದುಕೊಂಡು ಹಿಂದಿನ ರಾತ್ರಿಯ ದೃಶ್ಯವನ್ನು ತೆರೆದೆ. ಅಂಗಳದ ಕ್ಯಾಮೆರಾದ ಕಾಲರೇಖೆ, ಅಂದರೆ ಯಾವ ಹೊತ್ತಿನ ದೃಶ್ಯ ದಾಖಲಾಗಿದೆ ಎಂದು ತೋರಿಸುವ ಪಟ್ಟಿ, ಸಂಜೆಯವರೆಗೆ ಅಖಂಡವಾಗಿತ್ತು. ಕತ್ತಲಾದ ಹೊತ್ತಿನಿಂದ ಬೆಳಗಿನ ತನಕ ಅದು ಇಲಿ ಕಡಿದ ಹಗ್ಗದಂತೆ ತುಂಡು ತುಂಡಾಗಿತ್ತು. ಎರಡು ನಿಮಿಷ ಚಿತ್ರ, ಆಮೇಲೆ ಕಪ್ಪು, ಮತ್ತೆ ಒಂದು ನಿಮಿಷ ಚಿತ್ರ, ಮತ್ತೆ ಕಪ್ಪು. ಹಿಂದಕ್ಕೆ ಹೋಗಿ ನೋಡಿದರೆ ಡಿಸ್ಕ್‌ನಲ್ಲಿದ್ದ ಅಷ್ಟೂ ರಾತ್ರಿಗಳು ಹಾಗೆಯೇ ಇದ್ದವು. ಲೈವ್ ಚಿತ್ರವನ್ನು ನಾವು ಯಾವಾಗಲೂ ಹಗಲಿನಲ್ಲಿ ನೋಡುತ್ತಿದ್ದೆವು, ರಾತ್ರಿಯ ರೆಕಾರ್ಡಿಂಗನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ.

ಕ್ಯಾಮೆರಾ ಕೆಟ್ಟಿದೆ, ಬದಲಿಸಬೇಕು ಎಂದು ಅಂಗಡಿಯವರು ಫೋನಿನಲ್ಲೇ ತೀರ್ಮಾನಿಸಿದರು. ಹಗಲಿಡೀ ಸರಿಯಿದ್ದು ಕತ್ತಲಾದ ಮೇಲೆ ಮಾತ್ರ ಆಫ್ ಆಗಿ ಆನ್ ಆಗುವ ಕ್ಯಾಮೆರಾ ನಿಜವಾಗಿ ಕೆಟ್ಟಿರುವ ಸಾಧ್ಯತೆ ಕಡಿಮೆ. ಅದಕ್ಕೆ ವಿದ್ಯುತ್ತು ಸಾಲುತ್ತಿಲ್ಲ ಎಂಬುದೇ ಮೊದಲ ಅನುಮಾನವಾಗಬೇಕು. ಕತ್ತಲೆಯಲ್ಲಿ ಕ್ಯಾಮೆರಾ ತನ್ನ ಇನ್‌ಫ್ರಾರೆಡ್ ದೀಪಗಳನ್ನು ಹೊತ್ತಿಸಿಕೊಳ್ಳುತ್ತದೆ, ಆಗ ಅದು ಎಳೆಯುವ ಕರೆಂಟು ಹಗಲಿಗಿಂತ ಎರಡು ಪಟ್ಟಿಗೂ ಹೆಚ್ಚಾಗಬಹುದು. ನಮ್ಮ ಅಂಗಳದ ಕ್ಯಾಮೆರಾ ಅಡಿಕೆ ಗೋದಾಮಿನ ಸೂರಿನಲ್ಲಿದೆ. ಡಿವಿಆರ್ ಪಕ್ಕದ ಪವರ್ ಸಪ್ಲೈನಿಂದ ಅಲ್ಲಿಗೆ 45 ಮೀಟರ್ ವೈರ್ ಎಳೆದಿದ್ದಾರೆ. ಅದು ಚಿತ್ರಕ್ಕೊಂದು ಕೋಆ್ಯಕ್ಸಿಯಲ್ ತಂತಿ, ಕರೆಂಟಿಗೆ ಮತ್ತು ಧ್ವನಿಗೆ ಮೂರು ಸಣ್ಣ ತಂತಿಗಳು ಇರುವ, ಅಂಗಡಿಗಳಲ್ಲಿ ತ್ರೀ ಪ್ಲಸ್ ಒನ್ ಎನ್ನುವ ಕೇಬಲ್. ಊರಿಗೆ ಹೋದಾಗ ಮಲ್ಟಿಮೀಟರ್ ತೆಗೆದುಕೊಂಡು ಹೋದೆ. ಪವರ್ ಸಪ್ಲೈ ಬಳಿ 12.1 ವೋಲ್ಟ್ ಇತ್ತು. ಏಣಿ ಹತ್ತಿ ಕ್ಯಾಮೆರಾದ ಪಿನ್ ಬಳಿ ಹಗಲಲ್ಲಿ ಅಳೆದಾಗ 10.9 ಬಂತು. ಸಂಜೆ ಕತ್ತಲಾಗುವುದನ್ನೇ ಕಾದು, ಅಪ್ಪ ಕೆಳಗೆ ಟಾರ್ಚ್ ಹಿಡಿದು ನಿಂತಿದ್ದಾಗ, ಕ್ಯಾಮೆರಾದ ಒಳಗಿಂದ ಫಿಲ್ಟರ್ ಸರಿಯುವ ಸಣ್ಣ ಟಿಕ್ ಸದ್ದು ಕೇಳಿಸಿ ದೀಪಗಳು ಮಂದವಾದ ಕೆಂಪಿಗೆ ತಿರುಗಿದವು. ಮೀಟರಿನ ಅಂಕಿ ಕಣ್ಣೆದುರೇ 9.2ಕ್ಕೆ ಕುಸಿಯಿತು, ದೀಪ ಆರಿತು, ಅಂಕಿ ಮತ್ತೆ ಏರಿತು, ಕ್ಯಾಮೆರಾ ಮೊದಲಿನಿಂದ ಶುರುವಾಯಿತು. 12 ವೋಲ್ಟಿನಲ್ಲಿ ಶೇಕಡಾ 15ರ ಏರಿಳಿತವನ್ನು ತಾಳಿಕೊಳ್ಳುತ್ತದೆ ಎಂದು ಕ್ಯಾಮೆರಾದ ಪೆಟ್ಟಿಗೆಯ ಮೇಲೇ ಬರೆದಿತ್ತು. ಅಂದರೆ 10.2 ವೋಲ್ಟಿಗಿಂತ ಕೆಳಗೆ ಅದು ಕೆಲಸ ಮಾಡಬೇಕೆಂದು ನಾವು ಕೇಳುವಂತೆಯೇ ಇರಲಿಲ್ಲ.

ತೆಳು ತಂತಿಯಲ್ಲಿ ಹೀಗಾಗುವುದು ಸಹಜ. ಕರೆಂಟು ಹೋಗಿ ಬರುವ ದಾರಿ ಸೇರಿ 90 ಮೀಟರ್ ಆಗುತ್ತದೆ, ಅಷ್ಟುದ್ದದ ತಂತಿಯ ರೋಧವೇ ಏಳೆಂಟು ಓಮ್ ಆಗಿಬಿಡಬಹುದು. ತಾಮ್ರದ ಲೇಪ ಮಾತ್ರ ಇರುವ ಅಲ್ಯೂಮಿನಿಯಂ ತಂತಿಯಾದರೆ ಇನ್ನೂ ಹೆಚ್ಚು. ಪರಿಹಾರಕ್ಕೆ ಖರ್ಚಾದದ್ದು 250 ರೂಪಾಯಿ. ಗೋದಾಮಿನಲ್ಲೇ ಇದ್ದ ಪ್ಲಗ್‌ಗೆ 12 ವೋಲ್ಟ್, ಎರಡು ಆಂಪಿಯರ್‌ನ ಪ್ರತ್ಯೇಕ ಅಡಾಪ್ಟರ್ ಹಾಕಿ ಕ್ಯಾಮೆರಾಗೆ ಅಲ್ಲಿಂದಲೇ ಕರೆಂಟು ಕೊಟ್ಟೆವು. ಹಳೆಯ ಕೇಬಲ್ ಈಗ ಚಿತ್ರವನ್ನು ಮಾತ್ರ ಹೊರುತ್ತದೆ. ಗೋದಾಮಿನ ಪ್ಲಗ್ ಕೂಡ ಇನ್ವರ್ಟರ್ ಲೈನಿನಲ್ಲೇ ಇರುವುದರಿಂದ ಕರೆಂಟು ಹೋದರೂ ಕ್ಯಾಮೆರಾ ನಿಲ್ಲುವುದಿಲ್ಲ. ಅಂದಿನಿಂದ ಇಂದಿನವರೆಗೆ ಆ ಕ್ಯಾಮೆರಾದ ಕಾಲರೇಖೆ ಒಂದು ರಾತ್ರಿಯೂ ತುಂಡಾಗಿಲ್ಲ. 250 ರೂಪಾಯಿಯ ಕೆಲಸಕ್ಕೆ ಒಂದು ಮೂಟೆ ಅಡಿಕೆ ಹೋಯಿತೆಂಬ ನೋವು ನನಗಿನ್ನೂ ಇದೆ.

ಅಂದಿನ ರಾತ್ರಿ ಗೇಟಿನ ಕ್ಯಾಮೆರಾ ಕೆಲಸ ಮಾಡುತ್ತಿತ್ತು ಮತ್ತು ಅದರಲ್ಲಿ ಒಬ್ಬ ವ್ಯಕ್ತಿ ಹೆಗಲ ಮೇಲೆ ಹೊರೆ ಹೊತ್ತು ಬೇಲಿಯ ಕಡೆ ನಡೆದದ್ದು ದಾಖಲಾಗಿತ್ತು. ಆದರೆ ಅವನು ಯಾರೆಂದು ಹೇಳಲು ಯಾರಿಂದಲೂ ಆಗಲಿಲ್ಲ. ಇದಕ್ಕೆ ಲೆನ್ಸ್ ಕಾರಣ. ಅಂಗಡಿಯವರು ನಾಲ್ಕೂ ಕಡೆ 2.8 ಮಿಲಿಮೀಟರ್ ಲೆನ್ಸ್ ಹಾಕಿದ್ದರು, ಅದು ಸುಮಾರು 100 ಡಿಗ್ರಿ ಅಗಲವನ್ನು ತೋರಿಸುತ್ತದೆ. ಪರದೆಯ ಮೇಲೆ ಇಡೀ ಅಂಗಳ, ತೋಟದ ಅಂಚು, ಗೇಟು ಎಲ್ಲ ಒಟ್ಟಿಗೆ ಕಂಡು ಗ್ರಾಹಕನಿಗೆ ಸಂತೋಷವಾಗುತ್ತದೆ, ನನಗೂ ಆಗಿತ್ತು. ಆದರೆ ಎರಡು ಮೆಗಾಪಿಕ್ಸೆಲ್ ಎಂದರೆ ಅಡ್ಡಕ್ಕೆ 1,920 ಚುಕ್ಕೆಗಳು. ಆ ವ್ಯಕ್ತಿ ನಡೆದುಹೋದ 14 ಮೀಟರ್ ದೂರದಲ್ಲಿ ಈ ಲೆನ್ಸ್ 33 ಮೀಟರ್ ಅಗಲವನ್ನು ಹಿಡಿಯುತ್ತದೆ, ಆದ್ದರಿಂದ ಒಂದು ಮೀಟರಿಗೆ 57 ಚುಕ್ಕೆ ಮಾತ್ರ ದಕ್ಕುತ್ತದೆ, ಮನುಷ್ಯನ ಮುಖದ ಅಗಲಕ್ಕೆ ಒಂಬತ್ತು ಚುಕ್ಕೆ. ಐಇಸಿ 62676 ಎಂಬ ಅಂತರರಾಷ್ಟ್ರೀಯ ಮಾನದಂಡದ ನಾಲ್ಕನೆಯ ಭಾಗವು ಅಪರಿಚಿತನೊಬ್ಬನನ್ನು ಗುರುತು ಹಿಡಿಯಲು ಮೀಟರಿಗೆ 250 ಚುಕ್ಕೆ ಬೇಕೆಂದು ಹೇಳುತ್ತದೆ. ನಮ್ಮ ಕ್ಯಾಮೆರಾದಲ್ಲಿ ಅಷ್ಟು ಸಿಗುವುದು ಮೂರು ಮೀಟರಿನ ಒಳಗೆ ಬಂದವರಿಗೆ ಮಾತ್ರ. ಅದೇ ಎರಡು ಮೆಗಾಪಿಕ್ಸೆಲ್‌ಗೆ ಆರು ಮಿಲಿಮೀಟರ್ ಲೆನ್ಸ್ ಇದ್ದರೆ ನೋಟ ಅರ್ಧಕ್ಕೆ ಕಿರಿದಾಗುತ್ತದೆ, ಆದರೆ ಎಂಟು ಮೀಟರಿನವರೆಗೂ ಮುಖ ತಿಳಿಯುತ್ತದೆ. ಈಗ ಗೇಟಿನಲ್ಲಿ ಆರು ಮಿಲಿಮೀಟರಿನ ಕ್ಯಾಮೆರಾ ಹಾಕಿಸಿದ್ದೇನೆ. ಅದಕ್ಕೆ ಗೇಟು ಮತ್ತು ಕಾಲುದಾರಿ ಬಿಟ್ಟು ಬೇರೇನೂ ಕಾಣುವುದಿಲ್ಲ, ನನಗೆ ಬೇಕಾದದ್ದೂ ಅಷ್ಟೇ.

ಠಾಣೆಗೆ ದೂರು ಕೊಡಲು ಹೋದಾಗ ಮತ್ತೊಂದು ಎಡವಟ್ಟು ಬೆಳಕಿಗೆ ಬಂತು. ದೃಶ್ಯದ ಮೇಲಿನ ಸಮಯ ಬೆಳಗಿನ 4 ಗಂಟೆ 40 ನಿಮಿಷ ಎಂದು ತೋರಿಸುತ್ತಿತ್ತು, ಆದರೆ ನಾಯಿ ಬೊಗಳಿ ಅಮ್ಮನಿಗೆ ಎಚ್ಚರವಾದದ್ದು ಎರಡು ಗಂಟೆಯ ಸುಮಾರಿಗೆ. ಡಿವಿಆರ್ ತಯಾರಾಗಿ ಬರುವಾಗ ಅದರ ಕಾಲವಲಯ ಚೀನಾದ ಪ್ರಕಾರ ಗ್ರೀನಿಚ್ ಸಮಯಕ್ಕಿಂತ (ಜಿಎಂಟಿ) ಎಂಟು ಗಂಟೆ ಮುಂದಕ್ಕೆ ಇತ್ತು. ಜೋಡಿಸಿದವರು ಅದನ್ನು ಬದಲಿಸದೆ ಗಡಿಯಾರವನ್ನು ಮಾತ್ರ ಕೈಯಿಂದ ಸರಿಮಾಡಿ ಹೋಗಿದ್ದರು. ಇಂಟರ್ನೆಟ್ ಸಂಪರ್ಕ ಕೊಟ್ಟ ಮೇಲೆ ಯಂತ್ರ ತಾನಾಗಿಯೇ ಸಮಯವನ್ನು ಹೊಂದಿಸಿಕೊಂಡು ಎರಡೂವರೆ ಗಂಟೆ ಮುಂದಕ್ಕೆ ಹೋಯಿತು. ಮೆನುವಿನಲ್ಲಿ ಭಾರತದ ಜಿಎಂಟಿ+5:30 ಎಂದು ಆರಿಸಿ, ಎನ್‌ಟಿಪಿ ಎಂಬ, ಇಂಟರ್ನೆಟ್ಟಿನಿಂದ ಸಮಯ ಪಡೆಯುವ ಆಯ್ಕೆಯನ್ನು ಆನ್ ಇಟ್ಟರೆ ಇದು ಶಾಶ್ವತವಾಗಿ ಸರಿಹೋಗುತ್ತದೆ. ಕೆಲಸ ಒಂದು ನಿಮಿಷದ್ದು, ಆದರೆ ತಪ್ಪು ಸಮಯದ ದೃಶ್ಯವನ್ನು ಪೊಲೀಸರಿಗೆ ವಿವರಿಸಿ ಹೇಳುವುದು ಅರ್ಧ ದಿನದ್ದು. ಇಂಥ ದೃಶ್ಯ ಮುಂದೆ ನ್ಯಾಯಾಲಯಕ್ಕೆ ಹೋಗುವುದಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರ ಬೇಕಾಗುತ್ತದೆ, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಸ್ವಲ್ಪ ಬದಲಾದರೂ ಬೇರೆಯಾಗುವ ಗುರುತಿನ ಸಂಖ್ಯೆ) ನಮೂದಿಸಬೇಕು. ಆದ್ದರಿಂದ ಪೆನ್‌ಡ್ರೈವ್‌ಗೆ ತೆಗೆದ ಮೂಲ ಕಡತವನ್ನು ಹಾಗೆಯೇ ಇಟ್ಟುಕೊಳ್ಳಬೇಕು, ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ತುಣುಕು ಅದಕ್ಕೆ ಬದಲಿಯಾಗಲಾರದು.

ಒಂದು ತಿಂಗಳ ರೆಕಾರ್ಡಿಂಗ್ ಉಳಿಯುತ್ತದೆ ಎಂದು ಮಾರುವಾಗ ಹೇಳಿದ್ದರು, ಉಳಿದದ್ದು 11 ದಿನ. ಲೆಕ್ಕ ಹಾಕಿದರೆ ಅದು ಸರಿಯಾಗಿಯೇ ಇದೆ. ಒಂದು ಕ್ಯಾಮೆರಾ ಸೆಕೆಂಡಿಗೆ ಎರಡು ಮೆಗಾಬಿಟ್‌ನಂತೆ ಇಡೀ ದಿನ ಬರೆದರೆ 21.6 ಜಿಬಿ ಆಗುತ್ತದೆ, ನಾಲ್ಕಕ್ಕೆ 86 ಜಿಬಿ. ಒಂದು ಟೆರಾಬೈಟ್ ಅಷ್ಟರಲ್ಲಿ ತುಂಬಿ ಹಳೆಯದರ ಮೇಲೆ ಹೊಸದು ಬರೆಯಲಾರಂಭಿಸುತ್ತದೆ. ಈಗ ದೃಶ್ಯವನ್ನು ಕುಗ್ಗಿಸಿ ಬರೆಯುವ ವಿಧಾನವಾಗಿ ಎಚ್.264 ಬದಲು ಎಚ್.265 ಆರಿಸಿ, ಅಂಗಳ ಮತ್ತು ಗೇಟಿಗೆ ಒಂದೂವರೆ ಮೆಗಾಬಿಟ್ ಕೊಟ್ಟು, ಉಳಿದೆರಡನ್ನು ಚಲನೆ ಕಂಡಾಗ ಮಾತ್ರ ಬರೆಯುವಂತೆ ಮಾಡಿದ ಮೇಲೆ ಸುಮಾರು 25 ದಿನ ಉಳಿಯುತ್ತಿದೆ. ಅಂಗಳವನ್ನು ಮಾತ್ರ ಚಲನೆಯ ಲೆಕ್ಕಕ್ಕೆ ಬಿಡಲು ನನಗೆ ಧೈರ್ಯವಿಲ್ಲ. ಡಿಸ್ಕ್ ಮಾತ್ರ ಹಗಲೂ ರಾತ್ರಿ ಓಡುವುದಕ್ಕೆಂದೇ ಮಾಡಿದ್ದನ್ನು ಕೊಟ್ಟಿದ್ದರು, ಆ ವಿಷಯದಲ್ಲಿ ಅಂಗಡಿಯವರು ಮೋಸ ಮಾಡಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಖಾತೆಯ ವಿಷಯ. ಡಿವಿಆರ್ ಮೇಲಿನ ಕ್ಯೂಆರ್ ಕೋಡನ್ನು ಜೋಡಣೆಯ ದಿನ ಅಂಗಡಿಯ ಹುಡುಗ ತನ್ನ ಮೊಬೈಲಿನಿಂದ ಸ್ಕ್ಯಾನ್ ಮಾಡಿ, ನಮಗೆ ಅಲ್ಲಿಂದ ಹಂಚಿಕೊಟ್ಟಿದ್ದ. ಅಂದರೆ ಯಂತ್ರದ ಒಡೆತನ ಅಂಗಡಿಯ ಖಾತೆಯಲ್ಲಿತ್ತು, ನಾವು ಅತಿಥಿಗಳಾಗಿದ್ದೆವು. ನನ್ನ ಅಮ್ಮ ಜಗಲಿಯಲ್ಲಿ ಕುಳಿತು ತಲೆ ಬಾಚಿಕೊಳ್ಳುವುದನ್ನು ಅಂಗಡಿಯಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ಅವರು ನೋಡಿದರೆಂದು ನಾನು ಹೇಳುತ್ತಿಲ್ಲ, ನೋಡಲು ಸಾಧ್ಯವಿತ್ತು ಎಂಬುದೇ ನನಗೆ ಸಹಿಸಲಾಗದ ಮಾತು. ಕೇಳಿದಾಗ ಅವರು ತಕರಾರಿಲ್ಲದೆ ತಮ್ಮ ಖಾತೆಯಿಂದ ಯಂತ್ರವನ್ನು ತೆಗೆದುಹಾಕಿದರು, ಆಮೇಲೆ ನಾನು ನನ್ನ ಹೆಸರಿಗೆ ಸೇರಿಸಿಕೊಂಡೆ. ಅಡ್ಮಿನ್ ಪಾಸ್‌ವರ್ಡ್ ಕೂಡ ಅವರ ಗ್ರಾಹಕರೆಲ್ಲರಿಗೂ ಒಂದೇ ಆಗಿತ್ತು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನೇ ಹಿಡಿದುಕೊಂಡಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಅವುಗಳ ಮೂಲಕ, ಜಾಲತಾಣಗಳ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಕಂಪನಿಯ ಮೇಲೆ ದಾಳಿ ನಡೆದು ದೊಡ್ಡ ದೊಡ್ಡ ಜಾಲತಾಣಗಳೇ ಗಂಟೆಗಟ್ಟಲೆ ನಿಂತುಹೋಗಿದ್ದವು. ಕ್ಯಾಮೆರಾ ಹಾಕಿಸಿದವರೆಲ್ಲರೂ ಇಂದೇ ಖಾತೆ, ಪಾಸ್‌ವರ್ಡ್ ಈ ಎರಡನ್ನೂ ನೋಡಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ.

ಸಣ್ಣಪುಟ್ಟ ತೊಂದರೆಗಳು ಇನ್ನೂ ಇವೆ. ರಾತ್ರಿ ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಲೆನ್ಸ್ ಮುಂದೆ ಕಟ್ಟಿದ ಬಲೆ ಬೆಳ್ಳಗೆ ಹೊಳೆದು ಬೆಳಗಿನವರೆಗೂ ಚಲನೆಯ ಸೂಚನೆ ಬರುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಉದ್ದ ಕೋಲಿಗೆ ಬಟ್ಟೆ ಕಟ್ಟಿ ಒರೆಸುವುದನ್ನು ಅಪ್ಪ ರೂಢಿ ಮಾಡಿಕೊಂಡಿದ್ದಾರೆ. ಜುಲೈ ಮಳೆಯಲ್ಲಿ ಒಂದು ಕ್ಯಾಮೆರಾ ವಿಡಿಯೊ ಲಾಸ್ ಎಂದಿತು. ಸೂರಿನಡಿ ತೆರೆದೇ ಬಿಟ್ಟಿದ್ದ, ವಿಡಿಯೊ ಕೇಬಲ್ ಜೋಡಿಸುವ ಬಿಎನ್‌ಸಿ ಕನೆಕ್ಟರ್ ಹಸಿರು ಕಿಲುಬು ಹಿಡಿದಿತ್ತು, ಅದನ್ನು ಬದಲಿಸಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇಟ್ಟ ಮೇಲೆ ತೊಂದರೆಯಿಲ್ಲ. ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ತೆಗೆದರೆ ಸಾಲದು, ಹೊರಗಿನಿಂದ ಬರುವ ವಿಡಿಯೊ ಕೇಬಲ್‌ಗಳನ್ನೂ ಬಿಚ್ಚಬೇಕು.

ಹಾಗಾದರೆ ಈ ಸೆಟ್ ಕೊಳ್ಳಬಹುದೇ ಎಂದರೆ, ವೈರ್ ಉದ್ದ 20 ಮೀಟರಿನೊಳಗೆ ಮುಗಿಯುವ ಮನೆಗಳಿಗೆ ಖಂಡಿತ ಕೊಳ್ಳಬಹುದು. ನಮ್ಮಂತೆ ಅಂಗಳ, ಗೋದಾಮು, ಕೊಟ್ಟಿಗೆ ಎಂದು ಹರಡಿಕೊಂಡ ಮನೆಗೆ ಇಂದು ಹೊಸದಾಗಿ ಹಾಕಿಸುವುದಾದರೆ ನಾನು ಪಿಒಇ ಇರುವ, ಅಂದರೆ ಕರೆಂಟೂ ಚಿತ್ರವೂ ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಹೋಗುವ, ಐಪಿ ಕ್ಯಾಮೆರಾಗಳನ್ನೇ ಆರಿಸುತ್ತೇನೆ. ಖರ್ಚು ಹೆಚ್ಚು, ಆದರೆ ಅಲ್ಲಿ ಕರೆಂಟು ಸುಮಾರು 48 ವೋಲ್ಟ್‌ನಲ್ಲಿ ಹೋಗುವುದರಿಂದ ಶುದ್ಧ ತಾಮ್ರದ ನೆಟ್‌ವರ್ಕ್ ಕೇಬಲ್ 100 ಮೀಟರಿನವರೆಗೂ ಸೋಲುವುದಿಲ್ಲ. ಯಾವುದನ್ನೇ ಕೊಂಡರೂ, 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಸಿಸಿಟಿವಿ ಕ್ಯಾಮೆರಾಗಳಿಗೆ ಕಡ್ಡಾಯ ಮಾಡಿರುವ ಭದ್ರತಾ ಪರೀಕ್ಷೆಯ ಪ್ರಮಾಣಪತ್ರ ಆ ಮಾದರಿಗೆ ಇದೆಯೇ ಎಂದು ಕೇಳಬೇಕು.

ಉಪಕರಣಕ್ಕೆ ನಾನು ಐದರಲ್ಲಿ ನಾಲ್ಕು ಕೊಡುತ್ತೇನೆ, ಮೊದಲ ಜೋಡಣೆಗೆ ಎರಡು. ಎರಡನೆಯ ಸಲ ಗೇಟಿನ ಕ್ಯಾಮೆರಾ ಬದಲಿಸಲು ಬಂದ ಹುಡುಗ ಬೇರೆಯವನು. ಅವನು ನಾನು ಹೇಳುವ ಮೊದಲೇ ಚೀಲದಿಂದ ಮೀಟರ್ ತೆಗೆದು ಕ್ಯಾಮೆರಾದ ತುದಿಯಲ್ಲಿ ವೋಲ್ಟೇಜ್ ಅಳೆದ, ಕತ್ತಲಾಗುವವರೆಗೆ ನಿಂತು ಇನ್ನೊಮ್ಮೆ ಅಳೆದ, ಹಿಂದಿನ ಹತ್ತು ನಿಮಿಷದ ರೆಕಾರ್ಡಿಂಗನ್ನು ಅಪ್ಪನ ಕೈಯಲ್ಲೇ ತೆರೆಸಿ ತೋರಿಸಿ ಹೊರಟ. ಕೊಟ್ಟಿಗೆಯ ಕಡೆಯ ಕ್ಯಾಮೆರಾದ ವೈರನ್ನು ಈ ಕೊಯ್ಲಿಗೆ ಮೊದಲು ಬದಲಿಸಿ ಕೊಡಲು ಅವನಿಗೇ ಹೇಳಿದ್ದೇನೆ.